ಮೆರವಣಿಗೆಯಲ್ಲಿ ಹೊರಟ ಮನೆ

"ನಿಮ್ಮ ಮನೇಗೆ ಬಾಗಿಲ ನಂಬರ್ ಎಲ್ಲಿದೆಯೋ ರಾಯ್ಸ್? ಇರೋದು ಗಾಡಿ ನಂಬರ್ ತಾನೇ!"

ವೆಂಡೆಲ್ ಹಾಲ್‌ಕ್ರಾಫ್ಟ್ ಇದನ್ನು ಮೈಕಿನಲ್ಲಿ ಹೇಳಿದ. ಹ್ಯಾಡ್ಲಿ ಬೆಂಡ್ ಊರಿನ ಅಗ್ನಿಶಾಮಕ ಠಾಣೆಯಲ್ಲಿ ಅವತ್ತು ವರ್ಷಾವಧಿ ಪ್ಯಾನ್‌ಕೇಕು ಸಂತರ್ಪಣೆ. ಬೆಂಕಿ ಆರಿಸುವ ಕೆಂಪು ಗಾಡಿಗಳನ್ನು ಹೊರಗೆ ನಿಲ್ಲಿಸಿ, ಅವುಗಳ ಜಾಗದಲ್ಲಿ ಉದ್ದನೆಯ ಮೇಜುಗಳನ್ನು ಹಾಕಿದ್ದರು. ಅರ್ಧ ಊರು ಅಲ್ಲಿ ತಿನ್ನುತ್ತ ಕೂತಿತ್ತು. ಆ ಅರ್ಧ ಊರೂ ಗೊಳ್ಳೆಂದು ನಕ್ಕಿತು. ದುಡ್ಡಿದ್ದವನ ಜೋಕಿಗೆ ನಗದಿದ್ದರೆ ಬಾಯಲ್ಲಿದ್ದದ್ದು ಗಂಟಲಿಗೆ ಇಳಿಯುವುದಿಲ್ಲವೇನೋ ಅನ್ನುವ ಹಾಗೆ ನಕ್ಕಿತು.

ಆಗಿದ್ದಿಷ್ಟೆ. ಹಾಲ್‌ಕ್ರಾಫ್ಟ್ ತನ್ನ ಕಾರು ಮಾರುವ ಅಂಗಳವನ್ನು ಹಿಗ್ಗಿಸಬೇಕೆಂದಿದ್ದ. ಪಕ್ಕದಲ್ಲೇ ಅವನ ತಾತನ ಕಾಲದ ಎರಡು ಅಂತಸ್ತಿನ ಮರದ ಮನೆ ಖಾಲಿ ಬಿದ್ದಿತ್ತು. ಕೆಡವಿಸಿ ಸಾಗಿಸುವ ಖರ್ಚಿಗಿಂತ ದಾನ ಕೊಟ್ಟು ಕೈ ತೊಳೆದುಕೊಳ್ಳುವುದೇ ಅಗ್ಗ. ಅದಕ್ಕೇ ಮೈಕು ಹಿಡಿದು, "ಬುಡಸಮೇತ ಎತ್ತಿಕೊಂಡು ಹೋಗೋರಿಗೆ ಒಂದೇ ಡಾಲರು! ಇದೇ ನೋಡಿ ಅಮೆರಿಕದ ಕನಸು!" ಎಂದು ಸಾರಿದ. ಕೈ ಎತ್ತಿದವನು ರಾಯ್ಸ್ ಟ್ಯಾಕೆಟ್ ಒಬ್ಬನೇ, ಅಜ್ಜಿಯ ಜೊತೆ ಗಾಲಿಯ ಮೇಲಿನ ತಗಡಿನ ಮನೆಯಲ್ಲಿ ಇರುವವನು.

"ಮೆಟ್ಟಿಲಿರೋ ಮನೆ ನಿಮಗ್ಯಾಕಪ್ಪಾ?" ಹಾಲ್‌ಕ್ರಾಫ್ಟ್ ನಗು ನಿಲ್ಲುವ ಮೊದಲೇ ಇನ್ನೊಂದು ಬಿಟ್ಟ. "ನಿಮ್ಮಜ್ಜಿ ಒಳಗೆ ಹೋಗೋ ಮುಂಚೆ, ಇದನ್ನ ಲಾರಿಗೆ ಕಟ್ಟೋ ಕೊಕ್ಕೆ ಎಲ್ಲಿ ಅಂತ ಹುಡುಕ್ತಾರೆ!"

ರಾಯ್ಸನ ಅಜ್ಜಿ ವೆರ್ಲೀನ್ ಅವನ ಪಕ್ಕದಲ್ಲೇ ಕೂತು ಪ್ಯಾನ್‌ಕೇಕಿಗೆ ಮೇಪಲ್ ಪಾಕ ಸುರಿದುಕೊಳ್ಳುತ್ತಿದ್ದಳು. ಪಾಕದ ಸೀಸೆಯನ್ನು ಮೆಲ್ಲಗೆ ಕೆಳಗಿಟ್ಟಳು.

"ಆ ಮೆಟ್ಟಿಲು ನಂಗೆ ಚೆನ್ನಾಗಿ ಗೊತ್ತು ಕಣೋ ವೆಂಡೆಲ್," ಎಂದಳು. ಅವಳಿಗೆ ಮೈಕು ಬೇಕಿರಲಿಲ್ಲ. "ನಿಮ್ಮಜ್ಜಿ ಮನೇಲಿ ಕೆಲಸಕ್ಕಿದ್ದೆ. ಮೂರನೇ ಮೆಟ್ಟಿಲು ಕಿರ್ ಅನ್ನುತ್ತೆ. ನಾಲ್ಕನೇದರ ಮೇಲೆ ನೀನು ಚಡ್ಡೀಲಿ ಮಾಡ್ಕೊಂಡು ಕೂತಿರ್ತಿದ್ದೆ, ನಾನು ಒರೆಸ್ತಿದ್ದೆ."

ಈ ಸಲದ ನಗು ಮೊದಲಿನದ್ದಕ್ಕಿಂತ ಜೋರಾಗಿತ್ತು. ಅಲ್ಲಿಗೆ ಲೆಕ್ಕ ಸರಿಹೋಗಿತ್ತು, ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ರಾಯ್ಸನ ಬಾಯಿ ಅವನ ಮಾತು ಕೇಳಿದ್ದು ಯಾವತ್ತು?

ಇಪ್ಪತ್ತಾರು ವರ್ಷದ ಆ ಹುಡುಗನ ಚರಿತ್ರೆಯೆಲ್ಲ ಅವನ ಬಾಯಿಯ ಚರಿತ್ರೆಯೇ. ಉಗ್ರಾಣದ ಕೆಲಸ ಹೋಗಿದ್ದು ಬಾಯಿಂದ. ಮದುವೆಯಾಗಬೇಕಿದ್ದ ಹುಡುಗಿ ಹೋಗಿದ್ದು ಅವಳಮ್ಮನಿಗೆ ಇವನು ಕೊಟ್ಟ ಉತ್ತರದಿಂದ. ಶಾಲೆ ಬಿಟ್ಟಿದ್ದೂ ಹಾಗೆಯೇ, ಹತ್ತನೇ ತರಗತಿಯಲ್ಲಿ. ಸಾಹಿತ್ಯ ಹೇಳಿಕೊಡುತ್ತಿದ್ದ ಮಿಸೆಸ್ ಪ್ರೂಯಿಟ್ ಆ ವರ್ಷವೆಲ್ಲ ಅಮೆರಿಕದ ಕನಸಿನ ಮೇಲಿನ ಕಾದಂಬರಿಗಳನ್ನು ಒಂದಾದ ಮೇಲೊಂದು ಓದಿಸಿದ್ದರು. ಪ್ರತಿಯೊಂದರಲ್ಲೂ ಯಾರೋ ಒಬ್ಬ ಮನೆಯ ಆಸೆಪಟ್ಟು, ಬೆವರು ಸುರಿಸಿ, ಕೊನೆಯ ಅಧ್ಯಾಯದಲ್ಲಿ ಸಾಯುತ್ತಿದ್ದ. ರಾಯ್ಸ್ ಎದ್ದು ನಿಂತು, "ಮನೆ ಸಿಕ್ಕಿ, ಅದರಲ್ಲಿ ಕೂತು ಮಧ್ಯಾಹ್ನದ ಊಟ ಮಾಡಿದೋನ ಕಥೆ ಒಂದೂ ಇಲ್ವಾ ಮೇಡಂ?" ಎಂದು ಕೇಳಿದ್ದ. "ಅಂಥದ್ದನ್ನ ಸಾಹಿತ್ಯ ಅನ್ನಲ್ಲ, ಜಾಹೀರಾತು ಅಂತಾರೆ," ಎಂದಿದ್ದರು ಆಕೆ. ಅದಕ್ಕೆ ಇವನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವ ಹಾಗಿಲ್ಲ. ಮಾರನೆಯ ದಿನದಿಂದ ಶಾಲೆಯೂ ಇರಲಿಲ್ಲ.

ಅಂಥವನು ಠಾಣೆಯಲ್ಲಿ ಎದ್ದು ನಿಂತ.

"ಜುಲೈ ನಾಲ್ಕು, ಮಧ್ಯಾಹ್ನ ಹನ್ನೆರಡರ ಗಂಟೆ ಹೊಡೆಯೋ ಅಷ್ಟರಲ್ಲಿ ನಿಮ್ಮ ತಾತನ ಮನೆ ನಮ್ಮ ತಾತನ ಗುಡ್ಡದ ಮೇಲೆ ಇರುತ್ತೆ. ಇಲ್ಲಾಂದ್ರೆ ಗುಡ್ಡದ ಜಾಗಾನೂ ನೀವೇ ಇಟ್ಕೊಳ್ಳಿ ಸಾಹೇಬ್ರೆ!"

ಹಾಲ್‌ಕ್ರಾಫ್ಟ್ ಆ ಮನೆಗೆ ಗಡುವನ್ನೇ ಹೇಳಿರಲಿಲ್ಲ. ಚಳಿಗಾಲದವರೆಗೆ ಬಿದ್ದಿರಲಿ ಎಂದು ಬಿಟ್ಟರೂ ಬಿಡುತ್ತಿದ್ದ. ಆದರೆ ಆ ಗುಡ್ಡದ ಮೇಲಿನ ತುಂಡು ಜಾಗದ ಮೇಲೆ ಅವನ ಕಣ್ಣು ಬಿದ್ದು ಬಹಳ ಕಾಲವಾಗಿತ್ತು. ಅಲ್ಲಿಂದ ನದಿಯ ತಿರುವೆಲ್ಲ ಕಾಣುತ್ತದೆ. ಎರಡು ಹೆಜ್ಜೆಗೆ ಬಂದು ಕೈ ಚಾಚಿದ. "ಎಲ್ರೂ ಕೇಳಿಸ್ಕೊಂಡ್ರಲ್ಲ?"

ಕೈ ಕುಲುಕಿದ್ದಾಯಿತು. ಅಜ್ಜಿ ಚೀಲದಿಂದ ಒಂದು ಡಾಲರಿನ ನೋಟು ತೆಗೆದು ಮೇಜಿನ ಮೇಲೆ ಬಡಿದಳು. ಅವಳ ಬೆರಳಿನ ಪಾಕವೆಲ್ಲ ಅದಕ್ಕೆ ಹತ್ತಿತ್ತು. ಹಾಲ್‌ಕ್ರಾಫ್ಟ್ ಅದನ್ನು ಮಡಿಸಿ ಜೇಬಿಗೆ ಹಾಕಲು ಹೋದರೆ ಬೆರಳಿಗೇ ಅಂಟಿಕೊಂಡಿತು. ಕೊಡವಿದರೂ ಬೀಳಲಿಲ್ಲ.

"ಮಗಾ," ಎಂದಳು ಅಜ್ಜಿ ಹೊರಗೆ ಬಂದ ಮೇಲೆ, "ನಿನ್ನ ಬಾಯಿಗೆ ಒಂದು ಬಾಗಿಲು ಹಾಕಿಸ್ಬೇಕು. ನಂಬರ್ ಇಲ್ದೆ ಇದ್ರೂ ಪರವಾಗಿಲ್ಲ."

ಆ ಗುಡ್ಡದ ಜಾಗವೆಂದರೆ ರಾಯ್ಸನ ತಾತ ಉಕ್ಕಿನ ಕಾರ್ಖಾನೆ ಉರಿಯುತ್ತಿದ್ದ ಕಾಲದಲ್ಲಿ ಕೊಂಡದ್ದು. ಭಾನುವಾರಗಳಲ್ಲಿ ತಾನೇ ಗುದ್ದಲಿ ಹಿಡಿದು ಅಡಿಪಾಯ ತೋಡಿದ, ಕಾಂಕ್ರೀಟ್ ಇಟ್ಟಿಗೆ ಜೋಡಿಸಿ ಸೊಂಟದೆತ್ತರದ ಗೋಡೆ ಎಬ್ಬಿಸಿದ. ಅಷ್ಟರಲ್ಲಿ ಕಾರ್ಖಾನೆ ಮುಚ್ಚಿತು, ಆಮೇಲೆ ತಾತನೂ ಕಣ್ಣು ಮುಚ್ಚಿದ. ಟ್ಯಾಕೆಟ್ ಮನೆತನ ನದಿಯ ದಂಡೆಯ ಬಾಡಿಗೆ ಜಾಗದಲ್ಲಿ ಒಂದು ಗಾಲಿಮನೆಯಲ್ಲೇ ಉಳಿಯಿತು. ತಗಡಿನ ಗೋಡೆ, ಕೆಳಗೆ ಗಾಳಿ ಹೋದ ಗಾಲಿ, ಹಿಂದೆ ಗಾಡಿ ನಂಬರಿನ ತಗಡು. ಅಡುಗೆಮನೆಯ ನೆಲ ಕೊಳೆತು, ಅಜ್ಜಿ ಒಲೆಯ ಹತ್ತಿರ ಹೋಗುವಾಗ ನದಿ ದಾಟುವವಳ ಹಾಗೆ ಹಲಗೆಯ ಮೇಲೆ ಕಾಲಿಟ್ಟು ಹೋಗಬೇಕಿತ್ತು.

ಮೇಲಿನ ಅಡಿಪಾಯದಲ್ಲಿ ಮಳೆಗಾಲಕ್ಕೆ ನೀರು ನಿಲ್ಲುತ್ತಿತ್ತು. ಊರಿನವರು ಅದಕ್ಕೆ ಟ್ಯಾಕೆಟ್ಟರ ಈಜುಕೊಳ ಎಂದು ಹೆಸರಿಟ್ಟಿದ್ದರು. ಅಜ್ಜಿ ಮಾತ್ರ ಬೇಸಿಗೆ ಬಂತೆಂದರೆ ಬುತ್ತಿ ಕಟ್ಟಿಕೊಂಡು ಮೊಮ್ಮಗನನ್ನು ಅಲ್ಲಿಗೆ ಎಳೆದೊಯ್ಯುತ್ತಿದ್ದಳು. ಕಪ್ಪೆಗಳನ್ನು ಓಡಿಸಿ, ಒಂದು ಮೂಲೆಯಲ್ಲಿ ಚಾದರ ಹಾಸಿ, "ಇದು ಊಟದ ಮನೆ, ಅಲ್ಲಿ ಕಾಲಿಡಬೇಡ ಅದು ಬಚ್ಚಲು," ಎನ್ನುತ್ತಿದ್ದಳು. ಒಳಗೋಡೆಯಿಲ್ಲದ ಆ ಮನೆಯಲ್ಲೂ ರಾಯ್ಸ್ ಬಚ್ಚಲ ದಾರಿ ಬಿಟ್ಟು ಸುತ್ತಿ ಬರುತ್ತಿದ್ದ. ಅದಕ್ಕೇ ಅವನು ಬೇರೆ ಯಾವ ಕೆಲಸವೂ ನಿಲ್ಲದೆ ಕೊನೆಗೆ ಮನೆ ಸಾಗಿಸುವ ಕೆಲಸಕ್ಕೆ ಸೇರಿದ್ದೋ ಏನೋ.

ಮನೆ ಕಟ್ಟಿ ನೋಡು ಅನ್ನುತ್ತಾರೆ. ಮನೆ ಎಳೆದು ನೋಡು ಅಂತ ಯಾರೂ ಅಂದಂತಿಲ್ಲ. ಅಂದಿದ್ದರೆ ರಾಯ್ಸನಿಗೆ ಆ ಕೆಲಸ ಕೊಟ್ಟಿದ್ದ ಡೆಲ್ಫೀನ್ ಗ್ರೈಮ್ಸೇ ಅನ್ನಬೇಕಿತ್ತು. ಅಪ್ಪನ ಕಾಲದಿಂದ ಅವಳದ್ದು ಅದೇ ಕಸುಬು. ಹಳೆಯ ಮರದ ಮನೆಗಳ ಬುಡಕ್ಕೆ ಉಕ್ಕಿನ ತೊಲೆ ತೂರಿಸಿ, ಜಾಕಿ ಕೊಟ್ಟು ಎತ್ತಿ, ಕೆಳಗೆ ಗಾಲಿ ಕಟ್ಟಿ, ಲಾರಿಯಿಂದ ಎಳೆದು ಬೇರೆ ಕಡೆ ಕೂರಿಸುವುದು. ಅರವತ್ತು ದಾಟಿದ, ಕರಿಯ ಬಂಡೆಯಂಥ ಹೆಂಗಸು. ಲಾರಿ ಓಡಿಸುವಾಗ ಪ್ರಾರ್ಥನೆಯ ಹಾಡು, ಇಳಿದ ಮೇಲೆ ಬೈಗುಳ.

"ಜುಲೈ ನಾಲ್ಕಾ?" ಅವಳು ರಾಯ್ಸನನ್ನು ಬುಡದಿಂದ ತುದಿಯವರೆಗೆ ನೋಡಿದಳು. "ಲೋ ಮಂಕೆ, ವರ್ಷದಲ್ಲಿ ಅಷ್ಟೊಂದು ದಿನ ಇರೋವಾಗ, ಮೇನ್ ಸ್ಟ್ರೀಟಲ್ಲಿ ಸ್ವಾತಂತ್ರ್ಯ ದಿನದ ಮೆರವಣಿಗೆ ಹೋಗೋ ದಿನಾನೇ ಸಿಕ್ತಾ ನಿಂಗೆ? ಅಷ್ಟು ದೊಡ್ಡ ಮನೆ ಹಿಡಿಸೋ ರಸ್ತೆ ಈ ಊರಲ್ಲಿ ಅದೊಂದೇ!"

"ಸಿಟ್ಟು ಬಂತು ಅಕ್ಕ."

"ಸಿಟ್ಟು ಬಂದ್ರೆ ಗೋಡೆಗೆ ಗುದ್ದು. ಕೈ ಮುರಿಯುತ್ತೆ, ಜಾಗ ಉಳಿಯುತ್ತೆ."

ಬೈದಳು ಅಷ್ಟೇ, ಬೇಡ ಅನ್ನಲಿಲ್ಲ. ಅವಳಪ್ಪ ಹೆದ್ದಾರಿ ಬಂದಾಗ ಒಂದು ಇಡೀ ಕೇರಿಯ ಮನೆಗಳನ್ನು ಎಳೆದು ಉಳಿಸಿದ್ದವನು. "ಈ ದೇಶದಲ್ಲಿ ಎಲ್ರಿಗೂ ಮನೆ ಕನಸೇ ಬೀಳುತ್ತೆ, ನೆಲದ ಕನಸು ಯಾರಿಗೂ ಬೀಳಲ್ಲ. ಕಾಲ ಕೆಳಗಿಂದು ಯಾವಾಗ್ಲೂ ಇನ್ನೊಬ್ಬಂದು," ಎಂದು ಆಗಾಗ ಹೇಳುತ್ತಿದ್ದ ಮಾತನ್ನೇ ಅವಳು ಮತ್ತೆ ಹೇಳಿದಳು. "ಅದಕ್ಕೇ ನಮಗೆ ಹೊಟ್ಟೆಗೆ ಸಿಗೋದು. ನಿನ್ನ ಹತ್ರ ನೆಲ ಐತೆ. ಅದನ್ನ ಬಾಯಿಗೆ ಹಾಕ್ಕೊಂಡು ಉಗಿದ್ಯಲ್ಲೋ!"

ಅಂದಿನಿಂದ ಸಂಜೆ ಸಂಜೆ ರಾಯ್ಸ್ ಗುಡ್ಡದ ಮೇಲೆ. ತಾತನ ಅಡಿಪಾಯ ಹಾಲ್‌ಕ್ರಾಫ್ಟ್ ಮನೆಗಿಂತ ಒಂದು ಕೋಣೆಯಷ್ಟು ಚಿಕ್ಕದಾಗಿತ್ತು. ಬಡವನ ಅಂದಾಜು ಅಷ್ಟೇ ಇರುವುದು. ರಾಯ್ಸ್ ಕಪ್ಪೆಗಳ ಜೊತೆ ಜಗಳವಾಡುತ್ತ ನೀರು ಖಾಲಿ ಮಾಡಿದ, ಒಂದು ಬದಿಯ ಗೋಡೆ ಒಡೆದು ಆಚೆಗೆ ಸರಿಸಿ ಕಟ್ಟಿದ. ಮುಗಿದ ಮೇಲೆ ಉದ್ದನೆಯ ಕೋಲು ಹಿಡಿದು ಮೇನ್ ಸ್ಟ್ರೀಟಿನಲ್ಲಿ ಮೇಲೆ ನೋಡುತ್ತ ನಡೆದ. ಯಾವ ತಂತಿ ಎಷ್ಟು ಎತ್ತರ, ಯಾವ ಮರದ ಕೊಂಬೆ ಸೂರಿಗೆ ತಾಗುತ್ತದೆ, ಎಲ್ಲ ಅಳೆದ. ಮೇಲೆ ನೋಡಿಕೊಂಡು ನಡೆಯುವವನನ್ನು ಕಂಡು ಊರಿನವರು, "ಟ್ಯಾಕೆಟ್ ಹುಡುಗ ದೇವರ ಹತ್ರ ಮಾತಾಡ್ತಿದ್ದಾನೆ," ಎಂದು ಆಡಿಕೊಂಡರು.

ಲೆಕ್ಕ ಸರಳವಾಗಿತ್ತು. ಮೆರವಣಿಗೆ ಹತ್ತಕ್ಕೆ. ಬೆಳಕು ಹರಿಯುತ್ತಲೇ ಹೊರಟರೆ ಮನೆ ಅದಕ್ಕೆ ಮುಂಚೆಯೇ ಮೇನ್ ಸ್ಟ್ರೀಟ್ ದಾಟಿ ಗುಡ್ಡದ ರಸ್ತೆಗೆ ತಿರುಗಿರುತ್ತದೆ. ದಾರಿಯ ತಂತಿಗಳನ್ನು ಎತ್ತಿಹಿಡಿಯಲು ವಿದ್ಯುತ್ ಇಲಾಖೆಯ ಡ್ಯೂಯಿ ತನ್ನ ಏಣಿಗಾಡಿ ತಂದು ಮುಂದೆ ಮುಂದೆ ಹೋಗಬೇಕು. ಡ್ಯೂಯಿ ಬರುತ್ತೇನೆ ಎಂದಿದ್ದ.

ಡ್ಯೂಯಿ ಬಂದ. ಆದರೆ ಬಂದದ್ದು, ಗಾಲಿಯೇರಿದ ಮನೆ ಬೆಳಗಿನಿಂದ ಕಾದು ಕಾದು ಬಿಸಿಲೇರಿದ ಮೇಲೆ, ಕೆಂಪು ಕೋಟು, ಹೊಳೆಯುವ ಗುಂಡಿ, ತಲೆಯ ಮೇಲೆ ಪುಕ್ಕದ ಟೋಪಿ ಹಾಕಿಕೊಂಡು. ಏಣಿಗಾಡಿಯ ಬುಟ್ಟಿಯಲ್ಲಿ ಆನೆಯ ಸೊಂಡಿಲಿನಂಥ ಹಿತ್ತಾಳೆ ಕಹಳೆ.

"ಏನೋ ಇದು ವೇಷ?" ಡೆಲ್ಫೀನ್ ಕಿರುಚಿದಳು.

"ನಾನು ಊರಿನ ಬ್ಯಾಂಡಲ್ಲಿ ಇದೀನಲ್ಲಕ್ಕ! ಪ್ಯಾಂಟು ಕಳೆದ ವರ್ಷದ್ದು, ಸೊಂಟಕ್ಕೆ ಹಿಡೀಲಿಲ್ಲ. ಹೆಂಡತಿ ಹೊಲಿಗೆ ಬಿಚ್ಚಿ ಬಿಡೋವರೆಗೂ ಕಾದೆ."

"ಒಂದು ಪ್ಯಾಂಟಿಗೋಸ್ಕರ ಒಂದು ಮನೆ ಕಾಯ್ತಾ ಇತ್ತು ಕಣೋ ಇಲ್ಲಿ!"

ರಾಯ್ಸ್ ಬಾಯಿ ತೆರೆದ. ಅದರಿಂದ ಏನು ಬರುತ್ತಿತ್ತೋ, ಡೆಲ್ಫೀನ್ ಅಷ್ಟರಲ್ಲಿ ಅವನ ಹಲ್ಲುಗಳ ನಡುವೆ ಒಂದು ತಗಡಿನ ಸೀಟಿ ತುರುಕಿದಳು. ಮನೆ ಸಾಗುವಾಗ ಗಾಲಿಯ ಪಕ್ಕದಲ್ಲಿ ಒಬ್ಬ ನಡೆಯಲೇಬೇಕು. ಒಂದು ಸೀಟಿ ಹೊಡೆದರೆ ನಿಲ್ಲು, ಎರಡು ಹೊಡೆದರೆ ಹೊರಡು. ಲಾರಿಯ ಸದ್ದಿನಲ್ಲಿ ಬಾಯಿಮಾತು ಕೇಳುವುದಿಲ್ಲ.

"ಗುಡ್ಡ ಮುಟ್ಟೋ ತನಕ ಇದು ಬಾಯಿಂದ ಆಚೆ ಬರಕೂಡದು," ಎಂದಳು. "ನೀನು ಬಾಯಿ ಬಿಟ್ಟು ಹೇಳಿದ್ದಕ್ಕೇ ನಾವಿಲ್ಲಿ ನಿಂತಿರೋದು. ಇವತ್ತು ಊದೋದು, ನಡೆಯೋದು. ಅಷ್ಟೆ."

ರಾಯ್ಸ್ ಎರಡು ಸಲ ಊದಿದ. ಲಾರಿ ನರಳಿತು. ಹಾಲ್‌ಕ್ರಾಫ್ಟ್ ಮನೆತನದ ಮೂರು ತಲೆಮಾರು ಕಂಡ ಮನೆ ಒಮ್ಮೆ ಮೈ ಮುರಿದು, ಕಿಟಕಿಗಳನ್ನೆಲ್ಲ ಗಲಗಲ ಅನ್ನಿಸಿ, ತುಂಬಿದ ಬಸುರಿಯ ಹಾಗೆ ಹೆಜ್ಜೆ ಕಿತ್ತಿತು.

ಮಿಲ್ ಸ್ಟ್ರೀಟಿನಿಂದ ಮೇನ್ ಸ್ಟ್ರೀಟಿಗೆ ತಿರುಗುವ ಹೊತ್ತಿಗೆ ಆಗಬಾರದ್ದು ಆಗಿಹೋಗಿತ್ತು. ಮುಂದೆ ಹಳೆಯ ಟ್ರಾಕ್ಟರುಗಳ ಸಾಲು, ಹಿಂದೆ ಊರಿನ ಬ್ಯಾಂಡು, ಅದರ ಹಿಂದೆ ಕಾಗದದ ಹೂವಿನ ಸ್ತಬ್ಧಚಿತ್ರಗಳು. ಮೆರವಣಿಗೆ ಅಣಿಯಾಗಿ ನಿಂತಿತ್ತು, ಮನೆ ಅದರ ನಟ್ಟನಡುವೆ. ಮನೆಯನ್ನು ಹಿಂದಕ್ಕೆ ತಳ್ಳಲಾಗುವುದಿಲ್ಲ. ಅಷ್ಟರಲ್ಲಿ ಮಾಜಿ ಸೈನಿಕರ ಸಂಘದ ಒಬ್ಬ ಮುದುಕಪ್ಪ ಕೈಯಲ್ಲಿ ಅಂಟುಚೀಟಿಯ ಸುರುಳಿ ಹಿಡಿದು ಬಂದ. ಸಾಲಿನಲ್ಲಿ ಗಾಲಿಯ ಮೇಲಿರುವುದಕ್ಕೆಲ್ಲ ನಂಬರು ಹಚ್ಚು ಎಂದು ಅವನಿಗೆ ಅಪ್ಪಣೆಯಾಗಿತ್ತು. ಆತ ಗಾಲಿ ನೋಡಿದ, ತಲೆಯೆತ್ತಿ ಮನೆ ನೋಡಿದ, ಮತ್ತೆ ಗಾಲಿ ನೋಡಿದ. ಅಪ್ಪಣೆ ಅಪ್ಪಣೆಯೇ. ಏಣಿ ಹತ್ತಿ ಮುಂಬಾಗಿಲಿಗೆ ದೊಡ್ಡದಾಗಿ ೧೭ ಎಂದು ಅಂಟಿಸಿ, ಬಾಗಿಲಿಗೊಂದು ಸಲಾಮು ಹೊಡೆದು ಇಳಿದ.

ಅವನು ಏಣಿಯನ್ನು ತೆಗೆಯುವ ಮೊದಲೇ ಅದರ ಮೇಲೆ ಇನ್ಯಾರೋ ಹತ್ತುತ್ತಿದ್ದರು. ಹೂವಿನ ಅಂಗಿ, ಕೈಯಲ್ಲಿ ಕೈಚೀಲ.

"ವೆರ್ಲೀನಮ್ಮ!" ಡೆಲ್ಫೀನ್ ಕಿಟಕಿಯಿಂದ ತಲೆ ಹೊರಹಾಕಿದಳು. "ಇಳೀರಿ ಕೆಳಗೆ! ಸಾಗೋ ಮನೇಲಿ ಜನ ಇರಕೂಡದು, ಕಾನೂನು ಐತೆ!"

"ಕಾನೂನಿಗೆ ಹೇಳು, ನಾನು ಜನ ಅಲ್ಲ, ಮನೆ ಯಜಮಾನಿ," ಎಂದಳು ಅಜ್ಜಿ. "ಕೆಲಸಕ್ಕಿದ್ದಾಗ ಯಾವತ್ತೂ ಹಿಂಬಾಗಿಲಿಂದಲೇ ಬಿಟ್ಟಿದ್ದು ಇವರು. ಇವತ್ತು ಮುಂಬಾಗಿಲಿಂದ ಹತ್ತಿದೀನಿ. ಇನ್ನು ನನ್ನ ಹೆಣಾನೇ ಇಳಿಯೋದು."

ರಾಯ್ಸ್ ಅಜ್ಜಿಯನ್ನು ಬೇಡಿಕೊಳ್ಳಲು ಕೈ ಜೋಡಿಸಿದ. ಬಾಯಲ್ಲಿ ಸೀಟಿ ಇದ್ದುದರಿಂದ ಬೇಡಿಕೆ ಸೀಟಿಯಾಗಿಯೇ ಹೊರಬಂತು. ಅದೂ ಎರಡು ಸಲ. ಡೆಲ್ಫೀನ್ ಅದನ್ನು ಅಪ್ಪಣೆ ಎಂದುಕೊಂಡು ಲಾರಿ ಬಿಟ್ಟಳು. ಹಿಂದಿನ ಬ್ಯಾಂಡಿನವರು ಅದನ್ನು ತಮಗೇ ಎಂದುಕೊಂಡು ಬಾರಿಸತೊಡಗಿದರು. ಹೀಗೆ ಹ್ಯಾಡ್ಲಿ ಬೆಂಡಿನ ಜುಲೈ ನಾಲ್ಕರ ಮೆರವಣಿಗೆ ಹೊರಟಿತು.

ಎರಡೂ ಬದಿಗೆ ಮಡಿಸುವ ಕುರ್ಚಿಗಳಲ್ಲಿ ಕೂತಿದ್ದ ಜನ ಮೊದಲು ಬಾಯಿ ತೆರೆದರು, ಆಮೇಲೆ ಚಪ್ಪಾಳೆ ಹೊಡೆದರು. ಅಜ್ಜಿ ಜಗಲಿಯ ಕಟಕಟೆ ಹಿಡಿದು ರಾಣಿಯ ಹಾಗೆ ಕೈ ಬೀಸಿದಳು. ಸ್ತಬ್ಧಚಿತ್ರದ ಮೇಲಿನವರು ಮಕ್ಕಳಿಗೆ ಮಿಠಾಯಿ ಎರಚುವುದು ಪದ್ಧತಿ. "ಮಿಠಾಯಿ, ಮಿಠಾಯಿ!" ಎಂದು ಮಕ್ಕಳು ಓಡಿಬಂದವು. ಅಜ್ಜಿ ಕೈಚೀಲ ತೆರೆದು ಇದ್ದ ನಾಲ್ಕಾರು ಕೆಮ್ಮಿನ ಮಿಠಾಯಿ ಎಸೆದಳು. ಅವು ಮುಗಿದವು. ಆಮೇಲೆ ಉಪಾಹಾರ ಗೃಹಗಳಿಂದ ವರ್ಷಗಟ್ಟಲೆ ಕೂಡಿಹಾಕಿದ್ದ ಸಕ್ಕರೆ ಪೊಟ್ಟಣಗಳು, ಟೊಮೆಟೊ ಗೊಜ್ಜಿನ ಪೊಟ್ಟಣಗಳು ಹಾರಿದವು. ಒಂದು ಗೊಜ್ಜಿನ ಪೊಟ್ಟಣ, ಆ ವರ್ಷ ಸ್ಪರ್ಧೆಯಲ್ಲಿ ಗೆದ್ದಿದ್ದ ಊರಿನ ಸುಂದರಿಯ ಕಿರೀಟಕ್ಕೆ ತಾಗಿತು. ಆ ಹುಡುಗಿಯೂ ನಕ್ಕಳು.

ನಗದೇ ಇದ್ದವನು ಒಬ್ಬನೇ. ಬ್ಯಾಂಕಿನ ಮುಂದೆ ಕಟ್ಟಿದ್ದ ವೇದಿಕೆಯ ಮೇಲೆ ಮೈಕಿನ ಹಿಂದೆ ವೆಂಡೆಲ್ ಹಾಲ್‌ಕ್ರಾಫ್ಟ್. ಮೆರವಣಿಗೆ ಸಮಿತಿಯ ಅಧ್ಯಕ್ಷ ಅವನೇ. ತಾತ ಬಿಟ್ಟುಹೋದ ಜಾಗದಲ್ಲಿ ಅಪ್ಪ ತೆರೆದ ಅಂಗಡಿಯಲ್ಲಿ ಕೂತು ತನ್ನ ಕಾಲ ಮೇಲೆ ತಾನು ನಿಂತವನು. ಈ ವರ್ಷದ ಮೆರವಣಿಗೆಗೆ ವಿಷಯ ಆರಿಸಿದ್ದೂ ಅವನೇ. ವೇದಿಕೆಯ ಎದುರಿಗೆ, ರಸ್ತೆಗೆ ಅಡ್ಡಲಾಗಿ, ಈ ಕಂಬದಿಂದ ಆ ಕಂಬಕ್ಕೆ ಹೊಸ ಬಟ್ಟೆಯ ಫಲಕ ಕಟ್ಟಿದ್ದರು. ಅದರ ಮೇಲೆ ಆಳೆತ್ತರದ ಅಕ್ಷರಗಳಲ್ಲಿ "ಅಮೆರಿಕದ ಕನಸು".

ರಾಯ್ಸ್ ತಲೆಯೆತ್ತಿ ನೋಡಿದ. ತಂತಿ ಅಳೆದಿದ್ದ, ಕೊಂಬೆ ಅಳೆದಿದ್ದ. ಇದನ್ನು ಹಿಂದಿನ ಸಂಜೆಯಷ್ಟೇ ಕಟ್ಟಿದ್ದರು. ಮನೆಯ ನೆತ್ತಿ ಫಲಕಕ್ಕಿಂತ ಒಂದು ಮೊಳ ಎತ್ತರ.

ಒಂದು ಸೀಟಿ. ಮನೆ ನಿಂತಿತು. ಬ್ಯಾಂಡೂ ನಿಂತಿತು.

ಹಾಲ್‌ಕ್ರಾಫ್ಟ್ ಗಡಿಯಾರ ನೋಡಿಕೊಂಡ. ಹನ್ನೆರಡಕ್ಕೆ ಹೆಚ್ಚು ಹೊತ್ತಿರಲಿಲ್ಲ. ಅವನ ಮುಖಕ್ಕೆ ಮೆಲ್ಲಗೆ ಬಣ್ಣ ಬಂತು.

"ಅಯ್ಯೋ ಪಾಪ," ಎಂದ ಮೈಕಿನಲ್ಲಿ. "ಫಲಕ ಸಮಿತಿದು ರಾಯ್ಸ್. ಮೆರವಣಿಗೆ ಮುಗಿಯೋ ತನಕ ಬಿಚ್ಚೋ ಹಾಗಿಲ್ಲ, ನಿಯಮ. ಪರವಾಗಿಲ್ಲ ಬಿಡು, ನಿಮಗೆ ಗಾಲಿ ಮೇಲೆ ವಾಸ ಅಭ್ಯಾಸವೇ ತಾನೇ? ಈಗ ಮನೆಗೂ ಗಾಲಿ ಬಂತು. ಏನಾದ್ರೂ ಹೇಳಪ್ಪ! ನೀನು ಬಾಯಿ ಬಿಟ್ರೆ ಊರೇ ಕೇಳುತ್ತೆ. ಬಾ, ಮೈಕು ಇಲ್ಲಿದೆ."

ಮೈಕನ್ನು ನಿಜವಾಗಿಯೂ ಚಾಚಿದ. ರಾಯ್ಸನ ಕಿವಿ ಕೆಂಪಾಯಿತು. ವೇದಿಕೆ ನಾಲ್ಕು ಹೆಜ್ಜೆ ದೂರ. ಹತ್ತಿದರೆ ಸಾಕು, ಪ್ಯಾನ್‌ಕೇಕಿನ ದಿನದಿಂದ ಒಳಗೆ ಕುದಿಸಿಟ್ಟಿದ್ದೆಲ್ಲ ಇತ್ತು. ತಾತನ ಕಾರ್ಖಾನೆ, ಹಿಂಬಾಗಿಲು, ಕೊಳೆತ ನೆಲ, ಒಂದೊಂದೂ ಸಾಣೆ ಹಿಡಿದು ಇಟ್ಟ ಮಾತು. ಅವನ ಕಾಲು ಒಂದು ಹೆಜ್ಜೆ ಇಟ್ಟೂಬಿಟ್ಟಿತು. ಆಗ ಹೊಳೆಯಿತು. ಮೈಕು ಚಾಚಿದವನಿಗೆ ಬೇಕಾಗಿರುವುದೂ ಅದೇ. ತಾನು ಮಾತು ಶುರುಮಾಡಿದರೆ ಹನ್ನೆರಡರ ಗಂಟೆ ಹೊಡೆದರೂ ಮುಗಿಯುವುದಿಲ್ಲ. ಇದು ಹಾಲ್‌ಕ್ರಾಫ್ಟನಿಗೆ ಗೊತ್ತು. ಇಡೀ ಊರಿಗೆ ಗೊತ್ತು. ತನಗೆ ಮಾತ್ರ ಈಗ ಗೊತ್ತಾಗುತ್ತಿದೆ.

ರಾಯ್ಸ್ ಸೀಟಿಯನ್ನು ಹಲ್ಲಿನಲ್ಲಿ ಇನ್ನಷ್ಟು ಬಿಗಿಯಾಗಿ ಕಚ್ಚಿದ. ತಿರುಗಿ ಡ್ಯೂಯಿಯ ಕಡೆ ನೋಡಿದ. ಕೈಯೆತ್ತಿ ಫಲಕ ತೋರಿಸಿದ.

ಡ್ಯೂಯಿ ಪುಕ್ಕದ ಟೋಪಿ ಸರಿಮಾಡಿಕೊಂಡ. ಏಣಿಗಾಡಿಯ ಬುಟ್ಟಿ ಮೇಲೇರಿತು.

"ಡ್ಯೂಯಿ! ಏನು ಮಾಡ್ತಿದ್ದೀಯಾ? ಅದು ಸಮಿತಿದು!" ಹಾಲ್‌ಕ್ರಾಫ್ಟ್ ಕೂಗಿದ.

"ನೋಡಿ ಸಾಹೇಬ್ರೆ," ಮೇಲಿನಿಂದ ಡ್ಯೂಯಿ ಗಂಭೀರವಾಗಿ ಹೇಳಿದ, "ನೆಲದ ಮೇಲಿರೋದು ಸಮಿತಿದು. ರಸ್ತೆ ಮೇಲೆ ನೇತಾಡೋದೆಲ್ಲ ನನ್ನ ಇಲಾಖೆದು."

ಒಂದು ಕಡೆಯ ಗಂಟು ಬಿಚ್ಚಿದ. ಎತ್ತಿ ಹಿಡಿಯಬೇಕೆಂದುಕೊಂಡಿದ್ದನೋ ಏನೋ, ಗಾಳಿ ಬೇರೆ ಯೋಚಿಸಿತ್ತು. ಫಲಕ ಪಟಪಟ ಹೊಡೆದುಕೊಂಡು ಹಾರಿ ಮನೆಯ ಸೂರಿನ ಮೇಲೆ ಬಿದ್ದು, ಹೊಗೆಗೂಡಿಗೆ ಸುತ್ತಿಕೊಂಡಿತು. ಅಟ್ಟದ ಕಿಟಕಿಯಿಂದ ಅಜ್ಜಿಯ ಕೈ ಹೊರಬಂತು. ಯಾವಾಗ ಮೇಲೆ ಹತ್ತಿದ್ದಳೋ! ಬಟ್ಟೆಯ ಅಂಚನ್ನು ಒಳಗೆಳೆದು ಕಿಟಕಿ ಮುಚ್ಚಿ ಭದ್ರಪಡಿಸಿದಳು. ಇನ್ನೊಂದು ಕಡೆಯ ಹಗ್ಗವನ್ನೂ ಡ್ಯೂಯಿ ಕತ್ತರಿಸಿಬಿಟ್ಟ. "ಅಮೆರಿಕದ ಕನಸು" ಮನೆಯ ಹಣೆಯ ಮೇಲೆ ಸೊಟ್ಟಗೆ ಕೂತಿತು, ಅವಸರದಲ್ಲಿ ಕಟ್ಟಿದ ಪೇಟದ ಹಾಗೆ.

ಆಮೇಲೆ ಎದ್ದ ಕೂಗು ನದಿಯಾಚೆಗೂ ಕೇಳಿಸಿರಬೇಕು. ವೇದಿಕೆಯ ಮೇಲೆ ಸ್ತಬ್ಧಚಿತ್ರಗಳ ತೀರ್ಪುಗಾರರ ಕುರ್ಚಿಯಲ್ಲಿದ್ದ ಮಿಸೆಸ್ ಪ್ರೂಯಿಟ್ ಎದ್ದು ನಿಂತಿದ್ದರು. ಎಂಬತ್ತರ ಆ ಮುದುಕಿ ಊರುಗೋಲು ಎತ್ತಿ ಆಡಿಸಿದರು.

"ರಾಯ್ಸ್! ಕೊನೇ ಅಧ್ಯಾಯದಲ್ಲೂ ಬದುಕಿದ್ದೀಯಲ್ಲೋ!"

ಎರಡು ಸೀಟಿ. ಮನೆ ಹೊರಟಿತು.

ಮುಂದಿನ ತಿರುವಿನಲ್ಲಿ ಟ್ರಾಕ್ಟರುಗಳು ಎಡಕ್ಕೆ ಆಟದ ಮೈದಾನದ ಕಡೆ ಹೋದವು. ಮನೆ ಬಲಕ್ಕೆ ಗುಡ್ಡದ ರಸ್ತೆ ಹಿಡಿಯಿತು. ಆದರೆ ಮೆರವಣಿಗೆಯಲ್ಲಿ ಒಂದೇ ನಿಯಮ: ಮುಂದಿನವರು ಹೋದ ಕಡೆ ಹೋಗು. ಎರಡು ಅಂತಸ್ತಿನ ಮನೆ ಎದುರಿಗಿದ್ದರೆ ಅದರಾಚೆ ಟ್ರಾಕ್ಟರು ಯಾರಿಗೆ ಕಾಣುತ್ತದೆ? ಬ್ಯಾಂಡು ಮನೆಯ ಹಿಂದೆಯೇ ಗುಡ್ಡ ಹತ್ತಿತು. ಬ್ಯಾಂಡಿನ ಹಿಂದೆ ಕಾಗದದ ಹೂವಿನ ಸ್ತಬ್ಧಚಿತ್ರಗಳು, ಅವುಗಳ ಹಿಂದೆ ಊರಿನ ಸುಂದರಿ, ಅವಳ ಹಿಂದೆ ಅಗ್ನಿಶಾಮಕ ಗಾಡಿಗಳು, ಇನ್ನೇನು ನಡೆಯುತ್ತದೋ ನೋಡಿಬಿಡೋಣ ಎಂದು ಕುರ್ಚಿ ಮಡಿಸಿಕೊಂಡು ಹೊರಟ ಊರು. ಖಾಲಿ ಬೀದಿಗೆ ಮೈಕು ಹಿಡಿದು ನಿಂತವನು ಹಾಲ್‌ಕ್ರಾಫ್ಟ್ ಒಬ್ಬ.

ಗುಡ್ಡದ ಕಡಿದಾದ ಜಾಗದಲ್ಲಿ ಲಾರಿ ಏದುಸಿರು ಬಿಟ್ಟಿತು. ಗಾಲಿ ಒಂದು ಗೇಣು ಹಿಂದೆ ಜಾರಿತು. ರಾಯ್ಸ್ ಒಂದು ಸೀಟಿ ಊದಿ ಮರದ ತಡೆಯನ್ನು ಗಾಲಿಗೆ ಒದ್ದು ಕೂರಿಸಿದ. ಮೇಲಿನಿಂದ ಅಜ್ಜಿ, "ಅವಸರ ಮಾಡ್ಬೇಡ ಮಗಾ, ಮೂರನೇ ಮೆಟ್ಟಿಲು ಇನ್ನೂ ಕಿರ್ ಅನ್ನುತ್ತೆ!" ಎಂದು ಸುದ್ದಿ ಕೊಟ್ಟಳು. ಡೆಲ್ಫೀನ್ ಪ್ರಾರ್ಥನೆಯ ಹಾಡಿನ ದನಿ ಏರಿಸಿದಳು. ಬ್ಯಾಂಡಿನವರು ಅದನ್ನೇ ಹಿಡಿದು ಬಾರಿಸಿದರು. ಎರಡು ಸೀಟಿ. ಲಾರಿ ಕಚ್ಚಿ ಹಿಡಿದು ಮೇಲೇರಿತು.

ಮುಂದಿನ ಗಾಲಿಗಳು ಟ್ಯಾಕೆಟ್ಟರ ಮಣ್ಣು ಮುಟ್ಟಿದವು. ಹಿಂದಿನವೂ ಮುಟ್ಟಿದವು. ಮನೆ ಈಜುಕೊಳದ ಅಂಚಿಗೆ ಬಂದು ನಿಂತು, ಕೊನೆಯ ಸಲ ಗಲಗಲ ಎಂದು ಸುಮ್ಮನಾಯಿತು. ಅದಾಗಿ ಅಜ್ಜಿ ಇಳಿದು, ನೆಲ ಮುಟ್ಟಿ, ಮತ್ತೆ ಮುಂಬಾಗಿಲಿನಿಂದಲೇ ಹತ್ತಿ ಹೋದ ಮೇಲೆ ಕೆಳಗಿನ ಇಗರ್ಜಿಯಲ್ಲಿ ಹನ್ನೆರಡರ ಗಂಟೆ ಹೊಡೆಯತೊಡಗಿತು.

ಊರು ಕುಣಿಯಿತು. ಡೆಲ್ಫೀನ್ ಲಾರಿಯಿಂದ ಇಳಿದು ರಾಯ್ಸನ ಬೆನ್ನಿಗೆ ಗುದ್ದಿದಳು. "ಬಾಯಿ ಮುಚ್ಕೊಂಡಿದ್ರೆ ನೀನೂ ಮನುಷ್ಯನ ಹಾಗೇ ಕಾಣ್ತೀಯ ಕಣೋ!" ಹುಲ್ಲಿನ ಮೇಲೆ ಕುರ್ಚಿಗಳು ಬಿಚ್ಚಿಕೊಂಡವು. ಬುತ್ತಿಗಳು ತೆರೆದುಕೊಂಡವು. ಕಪ್ಪೆಗಳು ಮಾತ್ರ ಯಾರ ಗಲಾಟೆ ಇದು ಎಂದು ಇಣುಕಿ ನೋಡಿ ಒಳಗೆ ಹೋದವು.

ಕೊನೆಗೆ ಹಾಲ್‌ಕ್ರಾಫ್ಟನ ತೆರೆದ ಕಾರು ಬಂತು. ಅವನು ಇಳಿದು ಮನೆಯ ಮುಂದೆ ನಿಂತ. ಹಿಂದೆ ನದಿಯ ತಿರುವು ಹೊಳೆಯುತ್ತಿತ್ತು. ಅದು ತನ್ನದೇ ಮನೆ ಎಂದು ಅವನಿಗೆ ಮೊದಲ ಸಲ ಕಂಡಿರಬೇಕು, ತನ್ನದಲ್ಲವಾದ ಮೇಲೆ.

"ವೆಂಡೆಲ್ಲಾ?" ಒಳಗಿನಿಂದ ಅಜ್ಜಿ ಕೂಗಿದಳು. "ಬಾರೋ, ತಣ್ಣನೆ ಚಹಾ ಕುಡಿಯುವಂತೆ. ಬರೋದು ಹಿಂಬಾಗಿಲಿಂದ ಬಾ. ಮುಂದೆ ಈಗಷ್ಟೇ ಗುಡಿಸಿದ್ದೀನಿ."

ಊರು ನಕ್ಕಿತು. ಹಾಲ್‌ಕ್ರಾಫ್ಟ್ ನಗಲು ನೋಡಿದ, ಆಗಲಿಲ್ಲ. ರಾಯ್ಸನ ಕಡೆ ತಿರುಗಿದ. ದನಿ ಎತ್ತರಿಸಿಯೇ ಕೇಳಿದ, ಎಲ್ಲರಿಗೂ ಕೇಳಲಿ ಎಂದು.

"ಎಷ್ಟು ಬೇಕು ಹೇಳು ರಾಯ್ಸ್. ಮನೆ, ಗುಡ್ಡ, ಎರಡೂ ಸೇರಿಸಿ. ಇಷ್ಟು ಜನರ ಎದುರಿಗೆ ಕೇಳ್ತಿದ್ದೀನಿ, ನೀನು ಹೇಳಿದ್ದೇ ಬೆಲೆ. ಈ ದೇಶದಲ್ಲಿ ಬೆಲೆ ಇಲ್ಲದ್ದು ಯಾವುದೂ ಇಲ್ಲ. ಹೇಳು, ಎಷ್ಟು?"

ತಿನ್ನುತ್ತಿದ್ದವರು ಕೈ ತಡೆದರು. ಡೆಲ್ಫೀನ್ ಹಣೆಗೆ ಕೈ ಹಚ್ಚಿಕೊಂಡಳು. ಎಲ್ಲರೂ ರಾಯ್ಸನ ಬಾಯನ್ನೇ ನೋಡುತ್ತಿದ್ದರು.

ರಾಯ್ಸ್ ಸೀಟಿಯನ್ನು ಬಾಯಿಂದ ತೆಗೆದ. ಬೆಳಗಿನಿಂದ ಕಚ್ಚಿ ಕಚ್ಚಿ ತಗಡಿನ ಮೇಲೆ ಹಲ್ಲಿನ ಗುರುತು ಮೂಡಿತ್ತು. ಉತ್ತರಗಳಿಗೇನೂ ಬರವಿರಲಿಲ್ಲ. ನಾಲಿಗೆಯ ಮೇಲೆ ಅವು ಒಂದರ ಹಿಂದೊಂದು ಸಿಂಗಾರಗೊಂಡು ಮೆರವಣಿಗೆಗೆ ನಿಂತಿದ್ದವು. ಅವನು ಸೀಟಿಯನ್ನು ಅಂಗಿಗೆ ಒರೆಸಿದ. ಹದಿನೇಳನೇ ನಂಬರಿನ ಬಾಗಿಲ ಚಿಲಕಕ್ಕೆ ಅದರ ದಾರವನ್ನು ನೇತುಹಾಕಿದ. ಕೆಳಗೆ ನದಿಯ ದಂಡೆಯಲ್ಲಿ, ಗಾಲಿಮನೆಯೊಳಗೆ ಅಜ್ಜಿಯ ಒಲೆ ಇನ್ನೂ ಅಲ್ಲೇ ಇತ್ತು. ಮಧ್ಯಾಹ್ನದ ಊಟಕ್ಕೆ ಒಲೆ ಬೇಕಲ್ಲ.

ಬ್ಯಾಂಡಿನವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ರಾಯ್ಸ್ ಜೇಬಿನಲ್ಲಿ ಕೈಯಿಟ್ಟುಕೊಂಡು, ಒಲೆ ತರಲು ಗುಡ್ಡ ಇಳಿದು ಹೋದ.